ಕಳ್ಳಹೆಜ್ಜೆಯ ರಾಗ

ಐವತ್ತು ದಾಟಿದ ಗಂಡಸು ಹೊಸದಾಗಿ ಏನನ್ನಾದರೂ ಕಲಿಯಲು ಹೊರಟರೆ ಮನೆಯವರು ಮೊದಲು ಅವನ ಬೀಪಿ ನೋಡಿಸುತ್ತಾರೆ. ನಾನು ಸ್ಯಾಕ್ಸೋಫೋನ್ ಕಲಿಯುತ್ತೇನೆಂದಾಗ ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಅದೂ ದೇವರನಾಮವಲ್ಲ, ಕೀರ್ತನೆಯಲ್ಲ. ನಾನು ಹಟ ಹಿಡಿದದ್ದು ಒಂದೇ ಒಂದು ಇಂಗ್ಲಿಷ್ ಸಿನಿಮಾದ ಟ್ಯೂನಿಗೆ. ಹೆಸರು ಹೇಳಿದರೆ ಕೆಲವರಿಗೆ ತಿಳಿಯಲಿಕ್ಕಿಲ್ಲ, ಕೇಳಿದರೆ ಗುರುತು ಹಿಡಿಯದವರು ಕಡಿಮೆ. ‘ಪಿಂಕ್ ಪ್ಯಾಂಥರ್’. ಟೀವಿಯ ಕಾರ್ಟೂನು ನೋಡಿ ಬೆಳೆದವರು ಮನೆಯಲ್ಲಿದ್ದರೆ ಕೇಳಿ ನೋಡಿ, ತುದಿಗಾಲಿನಲ್ಲಿ ಎರಡು ಹೆಜ್ಜೆ ಇಟ್ಟು, ಗುನುಗಿ ತೋರಿಸುತ್ತಾರೆ. ತುಂಟತನವನ್ನೇ ಸ್ವರಕ್ಕಿಳಿಸಿದಂಥ ಟ್ಯೂನು ಅದು.

“ನಿಮಗೆ ಇದೇ ಯಾಕೆ ಬೇಕಿತ್ತು?” ಎಂದು ಮನೆಯಾಕೆ ಕೇಳಿದಳು. ಅದಕ್ಕೆ ಉತ್ತರ ಹೇಳಬೇಕಾದರೆ 2008ನೇ ಇಸವಿಗೆ ಹೋಗಬೇಕು.

ಆಗ ನಾನು ಬಂಟ್ವಾಳದ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಹೆಮ್ಮೆ ನನಗಿತ್ತು. ಚಪ್ಪಲಿಯನ್ನು ಬಾಗಿಲ ಬಳಿಯೇ ಕಳಚಿಟ್ಟು, ತುದಿಗಾಲಿನಲ್ಲಿ ಎರಡು ಹೆಜ್ಜೆ ನಡೆದು ನಿಲ್ಲುವುದು. ಕಿಟಕಿಯಾಚೆ ನೋಡಿದಂತೆ ಮಾಡಿ ಮತ್ತೆರಡು ಹೆಜ್ಜೆ ನಡೆಯುವುದು. ಕೊನೆಗೆ ಚೀಟಿ ಇಟ್ಟುಕೊಂಡವನ ಬೆನ್ನ ಹಿಂದೆ ಸದ್ದಿಲ್ಲದೆ ಪ್ರತ್ಯಕ್ಷನಾಗುವುದು. ಈ ನಡಿಗೆಗೆ ಮಕ್ಕಳು ಒಂದು ಹೆಸರು ಇಟ್ಟಿದ್ದರೆಂದು ಇಡೀ ಶಾಲೆಗೆ ಗೊತ್ತಿತ್ತು, ನನ್ನೊಬ್ಬನನ್ನು ಬಿಟ್ಟು.

ಹತ್ತನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅವನ ತಂದೆ ವಾದ್ಯದವರು, ದೇವಸ್ಥಾನದ ಉತ್ಸವಕ್ಕೆ, ಮದುವೆಯ ದಿಬ್ಬಣಕ್ಕೆ ಸ್ಯಾಕ್ಸೋಫೋನ್ ನುಡಿಸುವವರು. ಹೊರ ಜಿಲ್ಲೆಯವರಿಗೆ ಇದು ವಿಚಿತ್ರವೆನಿಸಬಹುದು. ನಮ್ಮ ಕಡೆ ಅಲ್ಲ. ಇದೇ ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ನಾಗಸ್ವರದ ಮನೆಯವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದಕ್ಕೆ ಮನಸೋತು, ಅದರಲ್ಲಿ ಕರ್ನಾಟಕ ಸಂಗೀತದ ಗಮಕ ತರಿಸಲು ವರ್ಷಗಟ್ಟಲೆ ತಪಸ್ಸು ಮಾಡಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮೆನೇಡ್ ಕಛೇರಿಯವರೆಗೂ ಹೋದರು. ಅದೇ ವರ್ಷ ‘ಡ್ಯುಯೆಟ್’ ಎಂಬ ತಮಿಳು ಚಿತ್ರಕ್ಕೂ ನುಡಿಸಿದರು. 2019ರಲ್ಲಿ ಅವರು ತೀರಿಕೊಂಡಾಗ ನಮ್ಮ ಕಡೆಯ ಎಷ್ಟೋ ವಾದ್ಯದವರ ಮನೆಗಳಲ್ಲಿ ಹಿರಿಯರೇ ಹೋದಷ್ಟು ದುಃಖವಾಯಿತು. ಮಾತು ಎಲ್ಲಿಗೋ ಹೋಯಿತು, ಹುಡುಗನ ವಿಷಯಕ್ಕೆ ಬರುತ್ತೇನೆ.

ಆ ವರ್ಷ ವಾರ್ಷಿಕೋತ್ಸವದ ತಯಾರಿ ನಡೆಯುತ್ತಿತ್ತು. ಹುಡುಗ ತಂದೆಯ ಹಳೆಯ ಸ್ಯಾಕ್ಸೋಫೋನ್ ತಂದು ಸಭಾಂಗಣದ ಮೂಲೆಯಲ್ಲಿ ಅಭ್ಯಾಸ ಮಾಡುತ್ತಿದ್ದ. ನಾನು ಒಳಗೆ ಕಾಲಿಟ್ಟೆ. ಅಷ್ಟರಲ್ಲಿ ಈ ಟ್ಯೂನು ಶುರುವಾಯಿತು, ಸರಿಯಾಗಿ ನನ್ನ ಹೆಜ್ಜೆಗೆ. ನಾನು ನಿಂತರೆ ಅದೂ ನಿಂತಿತು. ನಾನು ನಡೆದರೆ ಅದೂ ನಡೆಯಿತು. ಇಡೀ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಯಾಕೆಂದು ನನಗೆ ತಿಳಿಯಲಿಲ್ಲ, ನಾನೂ ಸ್ವಲ್ಪ ನಕ್ಕೆ. ಸಂಜೆ ಚಿತ್ರಕಲಾ ಮಾಸ್ಟ್ರು ಚಹಾ ಕುಡಿಯುತ್ತಾ, “ನಿಮ್ಮ ಹೆಸರು ಪ್ಯಾಂಥರ್ ಅಂತ ನಿಮಗೆ ಗೊತ್ತುಂಟಲ್ಲ?” ಎಂದರು.

ಮುಂದಿನ ವಾರ ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದಿದೆ. ಹುಡುಗನಿಗೆ 25ಕ್ಕೆ 11. ಅವನ ತಂದೆಯನ್ನು ಕರೆಸಿದೆ. ಅವರು ಯಾವುದೋ ಮದುವೆ ಮುಗಿಸಿ, ಬಿಳಿ ಪಂಚೆ ಶರ್ಟಿನಲ್ಲಿ ಬೆವರೊರೆಸಿಕೊಳ್ಳುತ್ತಾ ಬಂದು ಸ್ಟಾಫ್ ರೂಮಿನಲ್ಲಿ ನಿಂತರು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ. “ಇನ್ನು ಪರೀಕ್ಷೆ ಮುಗಿಯುವವರೆಗೆ ಆ ಪೀಪಿಯನ್ನು ಅವನ ಕೈಗೆ ಕೊಡಬೇಡಿ. ಅದು ಅನ್ನ ಹಾಕುವುದಿಲ್ಲ” ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, “ಆಯ್ತು ಮಾಸ್ಟ್ರೇ. ನೀವು ಕಲಿತವರು ಹೇಳಿದ ಮೇಲೆ ಮತ್ತೆಂಥ ಮಾತು” ಎಂದು ಕೈಮುಗಿದು ಹೋದರು. ವಾರ್ಷಿಕೋತ್ಸವದಲ್ಲಿ ಸ್ಯಾಕ್ಸೋಫೋನ್ ಇರಲಿಲ್ಲ.

ಒಂದು ಲೆಕ್ಕವನ್ನು ಇಲ್ಲಿ ಒಪ್ಪಿಸಬೇಕು. ಆ ಪರೀಕ್ಷೆಯಲ್ಲಿ ಹನ್ನೊಂದೋ ಅದಕ್ಕಿಂತ ಕಡಿಮೆಯೋ ಅಂಕ ಬಂದವರು ಇನ್ನೂ ಒಂಬತ್ತು ಮಂದಿ ಇದ್ದರು. ಅವರಲ್ಲಿ ಯಾರ ತಂದೆಯನ್ನೂ ನಾನು ಕರೆಸಲಿಲ್ಲ. ಮಾಸ್ಟ್ರು ಕರೆಸಿ ಹೇಳಿದ್ದೆಲ್ಲ ಮಗನ ಅಂಕದ ಕುರಿತೇ ಇರುತ್ತದೆಂದು ಪೋಷಕರು ನಂಬಬೇಕಾಗಿಲ್ಲ.

ಹುಡುಗ ಎರಡನೇ ದರ್ಜೆಯಲ್ಲಿ ಪಾಸಾದ. ಐಟಿಐ ಮಾಡಿ ಮಂಗಳೂರಿನಲ್ಲಿ ಎಲೆಕ್ಟ್ರಿಶಿಯನ್ ಆದನೆಂದು ಕೇಳಿದೆ. ಒಳ್ಳೆಯದಾಯಿತು ಎಂದುಕೊಂಡು ಮರೆತೂಬಿಟ್ಟೆ.

2020ರ ಬೇಸಗೆಯಲ್ಲಿ ಲಾಕ್‌ಡೌನ್ ಬಂತಲ್ಲ. ನಮ್ಮ ಕಡೆ ಜಾತ್ರೆ, ಮದುವೆಗಳೆಲ್ಲ ಆ ತಿಂಗಳುಗಳಲ್ಲೇ. ವಾದ್ಯದವರ ಇಡೀ ವರ್ಷದ ಸಂಪಾದನೆ ಹಾಗೇ ಕೊಚ್ಚಿಹೋಯಿತು. ನಿರ್ಬಂಧ ಸ್ವಲ್ಪ ಸಡಿಲವಾದಾಗ ಒಂದು ಸಂಜೆ ಆ ತಂದೆ ನಮ್ಮ ಮನೆಯ ಗೇಟಿನ ಬಳಿ ನಿಂತಿದ್ದರು. ಕೈಯಲ್ಲಿ ಕಪ್ಪು ಪೆಟ್ಟಿಗೆ. “ಶಾಲೆಯ ಬ್ಯಾಂಡಿಗೆ ಬೇಕಾಗಬಹುದಾ ಅಂತ ಕೇಳಲಿಕ್ಕೆ ಬಂದೆ ಮಾಸ್ಟ್ರೇ” ಎಂದರು. ಶಾಲೆಗೇ ಬೀಗ ಬಿದ್ದಿತ್ತು, ಬ್ಯಾಂಡೆಲ್ಲಿಂದ ಬರಬೇಕು? ಪೆಟ್ಟಿಗೆ ತೆರೆದರು. ಹಳೆಯ ಆಲ್ಟೋ ಸ್ಯಾಕ್ಸೋಫೋನ್, ಅಲ್ಲಲ್ಲಿ ಹಸಿರು ಕಿಲುಬು. “ಇದು ಅಟ್ಟದಲ್ಲೇ ಇತ್ತು. ಅವನು ಮತ್ತೆ ಕೇಳಲೇ ಇಲ್ಲ. ನಾನೂ ಕೊಡಲಿಲ್ಲ” ಎಂದರು. ಅವರ ದನಿಯಲ್ಲಿ ದೂರೇನೂ ಇರಲಿಲ್ಲ. ಅದೇ ನನ್ನನ್ನು ಚುಚ್ಚಿತು.

ಹನ್ನೆರಡು ಸಾವಿರ ಕೊಟ್ಟು ಅದನ್ನು ನಾನೇ ಕೊಂಡೆ. ಕೊಂಡ ಮೇಲೆ ಶೋಕೇಸಿನಲ್ಲಿ ಇಡಲಾಗುತ್ತದೆಯೇ? “ನೀವೇ ಕಲಿಸಿಕೊಡಿ, ತಿಂಗಳಿಗೆ ಇಷ್ಟು ಅಂತ ಹೇಳಿ” ಎಂದೆ. ಅವರು ಮೊದಲು ನಕ್ಕರು, ಆಮೇಲೆ ನಾನು ತಮಾಷೆ ಮಾಡುತ್ತಿಲ್ಲವೆಂದು ತಿಳಿದು ಸುಮ್ಮನಾದರು. ಯಾವುದು ಕಲಿಯಬೇಕು ಎಂದು ಕೇಳಿದರು. ನಾನು ಹೇಳಿದೆ. ಅವರಿಗೆ ಆ ಟ್ಯೂನಿನ ಹಿಂದಿನ ಕಥೆ ಗೊತ್ತಿತ್ತೋ ಇಲ್ಲವೋ, ಮುಖದಲ್ಲೇನೂ ಕಾಣಲಿಲ್ಲ.

ಪಾಠ ನಡೆದದ್ದು ನಮ್ಮ ಜಗಲಿಯಲ್ಲಿ, ಈ ತುದಿಗೆ ಗುರುಗಳು, ಆ ತುದಿಗೆ ನಾನು. ಮೊದಲ ಪಾಠ ರೀಡಿನದ್ದು. ಮೌತ್‌ಪೀಸಿಗೆ ಕಟ್ಟುವ, ಜೊಂಡಿನಿಂದ ಸೀಳಿದ ತೆಳು ಪಟ್ಟಿಯೇ ರೀಡ್. ಒಣ ರೀಡ್ ಸರಿಯಾಗಿ ನುಡಿಯದು, ನುಡಿಸುವ ಮೊದಲು ಬಾಯಲ್ಲಿಟ್ಟು ನೆನೆಸಬೇಕು. ಆಗ ಮಾತಾಡುವಂತಿಲ್ಲ. ಈ ವಾದ್ಯದ ಬಗ್ಗೆ ಮನೆಯಾಕೆಗೆ ಹಿಡಿಸಿದ್ದು ಅದೊಂದೇ. ಮೊದಲ ಮೂರು ವಾರ ಬಂದದ್ದು ಸ್ವರವಲ್ಲ, ಬಾತುಕೋಳಿಯ ಕೂಗು. ಪಕ್ಕದ ಮನೆಯ ದನ ಎರಡು ದಿನ ಹಾಲು ಕಡಿಮೆ ಕೊಟ್ಟಿತೆಂಬ ಆಪಾದನೆಯೂ ಬಂತು. ಅದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ವಾದಿಸಿದೆ.

ಗುರುಗಳು ಸ್ವರ ಹೇಳಿಕೊಡುವಾಗ ನನ್ನ ತಲೆ ಒಂಬತ್ತನೇ ತರಗತಿಯ ಶಬ್ದದ ಪಾಠದ ಕಡೆಗೆ ಓಡುತ್ತಿತ್ತು. ಬೆಲ್ಜಿಯಂನ ದಿನಾಂ ಎಂಬ ಊರಿನಲ್ಲಿ 1814ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ಈ ವಾದ್ಯಕ್ಕೆ ಪ್ಯಾರಿಸಿನಲ್ಲಿ ಪೇಟೆಂಟ್ ಪಡೆದದ್ದು 1846ರಲ್ಲಿ. ಮೈಯೆಲ್ಲ ಹಿತ್ತಾಳೆ, ಆದರೂ ಸಂಗೀತಗಾರರು ಇದನ್ನು ಮರದ ವಾದ್ಯಗಳ ಸಾಲಿಗೆ ಸೇರಿಸುತ್ತಾರೆ, ಏಕೆಂದರೆ ಇಲ್ಲಿ ಶಬ್ದ ಹುಟ್ಟಿಸುವುದು ರೀಡಿನ ಕಂಪನ. ನನ್ನ ಆಲ್ಟೋದ ಅತಿ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 139 ಕಂಪನಗಳದ್ದು. ಶಬ್ದದ ವೇಗವನ್ನು ಅದರಿಂದ ಭಾಗಿಸಿ ಅರ್ಧ ಮಾಡಿದರೆ, ಬಾಗಿದ ಕೊಳವೆಯೊಳಗಿನ ಗಾಳಿಯ ಕಂಬ ಸುಮಾರು ಒಂದೂಕಾಲು ಮೀಟರ್ ಎಂದು ಸಿಗುತ್ತದೆ. ಒಂದೊಂದೇ ಮುಚ್ಚಳ ತೆರೆದಂತೆ ಕಂಬ ಗಿಡ್ಡವಾಗುತ್ತದೆ, ಸ್ವರ ಏರುತ್ತದೆ.

ನಿಜವಾದ ಗುಟ್ಟು ಕೊಳವೆಯ ಆಕಾರದಲ್ಲಿದೆ. ಕ್ಲಾರಿನೆಟ್ಟಿನ ಕೊಳವೆ ಉದ್ದಕ್ಕೂ ಒಂದೇ ದಪ್ಪ. ಬೆರಳುಗಳನ್ನು ಹಾಗೇ ಇಟ್ಟು ಮೇಲಿನ ಸ್ಥಾಯಿಗೆ ಹಾರಿಸಿದರೆ ಅದರಲ್ಲಿ ಕಂಪನ ಎರಡು ಪಟ್ಟಾಗುವ ಬದಲು ಮೂರು ಪಟ್ಟಾಗುತ್ತದೆ; ಮೇಲಕ್ಕೆ ಹೋದರೆ ಬೆರಳ ಲೆಕ್ಕವೇ ಬೇರೆ. ಸ್ಯಾಕ್ಸೋಫೋನಿನ ಕೊಳವೆ ಬಾಯಿಂದ ಬುಡಕ್ಕೆ ಹೋದಂತೆ ಅಗಲವಾಗುವ ಶಂಕು. ಶಂಕುವಿನಲ್ಲಿ ಕಂಪನ ಸರಿಯಾಗಿ ಎರಡು ಪಟ್ಟು. ಹೆಬ್ಬೆರಳಿನಿಂದ ಒಂದು ಕೀ ಒತ್ತಿದರೆ ಕೆಳಗಿನ ಷಡ್ಜ ಮೇಲಿನ ಷಡ್ಜವಾಗುತ್ತದೆ, ಉಳಿದ ಬೆರಳುಗಳು ಹೆಚ್ಚುಕಡಿಮೆ ಇದ್ದಲ್ಲೇ. ಮಕ್ಕಳು ತೆಂಗಿನ ಗರಿಯನ್ನು ಓರೆಯಾಗಿ ಸುತ್ತಿ, ತುದಿಯನ್ನು ಚಪ್ಪಟೆ ಮಾಡಿ ಊದುವುದನ್ನು ನೀವು ನೋಡಿರಬಹುದು. ಅದೂ ಶಂಕು, ಅದರ ತುದಿಯೂ ರೀಡಿನಂತೆ ನಡುಗುತ್ತದೆ. ಪೀಪಿ ಎಂದು ನಾನು ಬೈಗುಳದಂತೆ ಅಂದದ್ದು ಭೌತಶಾಸ್ತ್ರದ ಪ್ರಕಾರ ಅಂಥ ತಪ್ಪೇನಲ್ಲ. ಆದರೆ ಅಂದದ್ದು ಭೌತಶಾಸ್ತ್ರವಾಗಿ ಅಲ್ಲವಲ್ಲ!

ಟ್ಯೂನು ಕಲಿಯುವ ಮೊದಲು ಸಿನಿಮಾ ನೋಡಿದೆ. 1963ರದ್ದು, ಬ್ಲೇಕ್ ಎಡ್ವರ್ಡ್ಸ್ ನಿರ್ದೇಶನ. ಪಿಂಕ್ ಪ್ಯಾಂಥರ್ ಎಂಬುದು ಅಸಲಿಗೆ ಒಂದು ವಜ್ರದ ಹೆಸರು. ಅದರೊಳಗಿನ ಊನವೊಂದು ನೆಗೆಯುವ ಚಿರತೆಯಂತೆ ಕಾಣುತ್ತದಂತೆ. ಗುಲಾಬಿ ಚಿರತೆ ಬರುವುದು ಆರಂಭದ ಹೆಸರುಗಳ ಜೊತೆಗಿನ ಕಾರ್ಟೂನಿನಲ್ಲಿ. ಆ ಕಾರ್ಟೂನು ಎಷ್ಟು ಹಿಡಿಸಿತೆಂದರೆ ಮರುವರ್ಷವೇ ಚಿರತೆಗೆ ಸ್ವಂತ ಕಿರುಚಿತ್ರ ಬಂತು, ಅದಕ್ಕೆ ಆಸ್ಕರ್ ಕೂಡ ಸಿಕ್ಕಿತು. ಸಂಗೀತ ಹೆನ್ರಿ ಮ್ಯಾನ್ಸಿನಿಯವರದು. ಅವರು ಆ ಟ್ಯೂನು ಕಟ್ಟುವಾಗ ಮನಸ್ಸಿನಲ್ಲಿದ್ದದ್ದು ಡೇವಿಡ್ ನಿವೆನ್ ನಟಿಸಿದ ರತ್ನಗಳ್ಳನ ಸದ್ದಿಲ್ಲದ ಹೆಜ್ಜೆ. ಕಿವಿಯಲ್ಲಿದ್ದದ್ದು ಲೂಯಿಸಿಯಾನದಲ್ಲಿ ಹುಟ್ಟಿದ ಪ್ಲಾಸ್ ಜಾನ್ಸನ್ ಎಂಬ ವಾದಕರ ಟೆನರ್ ಸ್ಯಾಕ್ಸೋಫೋನ್. ಟೆನರ್ ಎಂದರೆ ನನ್ನ ಆಲ್ಟೋದ ಅಣ್ಣ. ದನಿ ದಪ್ಪ, ಸ್ವಲ್ಪ ಒರಟು, ಬೆಳಗ್ಗೆ ಎದ್ದವನ ಗಂಟಲಿನ ಹಾಗೆ. ಆ ವರ್ಷದ ಸಂಗೀತದ ಆಸ್ಕರ್ ‘ಮೇರಿ ಪಾಪಿನ್ಸ್’ ಚಿತ್ರಕ್ಕೆ ಹೋಯಿತು. ಮ್ಯಾನ್ಸಿನಿಯವರ ಟ್ಯೂನಿಗೆ ಮೂರು ಗ್ರ್ಯಾಮಿಗಳು ಬಂದವು.

ಚಿತ್ರದಲ್ಲಿ ಕಳ್ಳನನ್ನು ಹಿಡಿಯಲು ಹೊರಟವನು ಇನ್‌ಸ್ಪೆಕ್ಟರ್ ಕ್ಲೂಸೋ, ಪೀಟರ್ ಸೆಲ್ಲರ್ಸ್ ಮಾಡಿದ ಪಾತ್ರ. ಬಹಳ ಗಂಭೀರ ಮನುಷ್ಯ. ತನ್ನಷ್ಟು ಚುರುಕು ಯಾರೂ ಇಲ್ಲವೆಂದು ಬಲವಾಗಿ ನಂಬಿ, ಕಂಡ ಕಂಡದ್ದಕ್ಕೆ ಎಡವುತ್ತಾನೆ. ಸುತ್ತಲಿನವರು ನಗುವುದು ಅವನಿಗೆ ಕೇಳಿಸುವುದಿಲ್ಲ. ಕಳ್ಳನಿಗಾಗಿ ಹೊಸೆದ ಟ್ಯೂನನ್ನು ಮಕ್ಕಳು ಕಳ್ಳರನ್ನು ಹಿಡಿಯುವ ನನಗೆ ಯಾಕೆ ಕೊಟ್ಟರೆಂದು ಮೊದಲು ಗೊಂದಲವಾಗಿತ್ತು. ಚಿತ್ರ ಮುಗಿದಾಗ ಗೊಂದಲ ಉಳಿಯಲಿಲ್ಲ.

ಗುರುಗಳು ಟ್ಯೂನನ್ನು ನನ್ನ ಫೋನಿನಲ್ಲಿ ಎರಡು ಸಲ ಕೇಳಿದರು, ಮೂರನೇ ಸಲ ಜೊತೆಯಲ್ಲೇ ನುಡಿಸಿದರು. ಆಮೇಲೆ ವಾದ್ಯ ಕೆಳಗಿಟ್ಟು, “ಇದು ಯಾವ ರಾಗ ಅಂತ ಹೇಳ್ತೀರಿ?” ಎಂದು ನನ್ನನ್ನೇ ಕೇಳಿದರು. ನಾನೇನು ಹೇಳಲಿ? ಅವರೇ ಬಿಡಿಸಿದರು. ಕಾಕಲಿ ನಿಷಾದದಿಂದ ಷಡ್ಜಕ್ಕೆ ಒಂದು ಜಾರು, ಚತುಶ್ರುತಿ ರಿಷಭದಿಂದ ಸಾಧಾರಣ ಗಾಂಧಾರಕ್ಕೆ ಇನ್ನೊಂದು. ಆಮೇಲೆ ಶುದ್ಧ ಧೈವತ ಮುಟ್ಟಿ ಪಂಚಮಕ್ಕೆ. ಇಲ್ಲಿಯವರೆಗೆ ಕೀರವಾಣಿಯ ಬಾಗಿಲಲ್ಲಿ ನಿಂತ ಹಾಗೆ. ಒಳಗೆ ಬರುತ್ತಾನೆಂದು ಕಾದರೆ, ಪಂಚಮಕ್ಕಿಂತ ಅರ್ಧ ಸ್ವರ ಕೆಳಗೆ, ಪ್ರತಿಮಧ್ಯಮದ ಮೇಲೆ ಹೋಗಿ ಕೂತುಬಿಡುತ್ತಾನೆ, ಉದ್ದಕ್ಕೆ. ಅದು ಸಿಂಹೇಂದ್ರಮಧ್ಯಮದ ಅಂಗಳ. ಸರಿ, ಅಲ್ಲಾದರೂ ಇರುತ್ತಾನೋ? ಇಲ್ಲ. ಶುದ್ಧ ಮಧ್ಯಮಕ್ಕೆ ಇಳಿದು, ಕೈಶಿಕಿ ನಿಷಾದ ಮುಟ್ಟಿ, ನಟಭೈರವಿಯ ಹಿತ್ತಿಲಿನಿಂದ ಪರಾರಿ. “ಒಂದೇ ಸಾಲಿನಲ್ಲಿ ಎರಡು ಮಧ್ಯಮ, ಎರಡು ನಿಷಾದ! ಇವನು ಕಳ್ಳನೇ ಮಾಸ್ಟ್ರೇ, ಯಾವ ಮನೆಯಲ್ಲೂ ಸಿಕ್ಕಿಬೀಳುವುದಿಲ್ಲ” ಎಂದು ತೊಡೆ ತಟ್ಟಿ ನಕ್ಕರು. ಸಿನಿಮಾದ ಕಥೆ ನಾನು ಅವರಿಗೆ ಹೇಳಿರಲಿಲ್ಲ.

ಅನ್ನ ಹಾಕುವುದಿಲ್ಲವೆಂದು ನಾನು ತೀರ್ಪು ಕೊಟ್ಟ ವಿದ್ಯೆ ಇದು. ಬಿಎಸ್‌ಸಿಯಲ್ಲಿ ಶಬ್ದಶಾಸ್ತ್ರವನ್ನು ಒಂದು ಪೇಪರಾಗಿ ಓದಿದ್ದ ನನಗೆ ಕಿವಿಯಿಂದ ಇಷ್ಟು ಬಿಡಿಸಲು ಈ ಜನ್ಮಕ್ಕೆ ಸಾಧ್ಯವಿಲ್ಲ.

ಒಂದು ವರ್ಷ ಕಳೆಯಿತು, ಎರಡಾಯಿತು. ಬೆರಳು ಕೂತವು. ಆ ಉದ್ದ ಸ್ವರವನ್ನು ಜಾರಿಸಲು ಕೆಳತುಟಿಯ ಒತ್ತಡ ಸಡಿಲಿಸಬೇಕೆಂಬುದು ತಲೆಗೆ ಹೋಗಿತ್ತು, ತುಟಿಗೆ ಹೋಗುತ್ತಿರಲಿಲ್ಲ. “ನಿಮ್ಮ ಮುಖ ಭಾರೀ ಗಟ್ಟಿ ಮಾಸ್ಟ್ರೇ” ಎನ್ನುತ್ತಿದ್ದರು ಗುರುಗಳು. ಕಾಲಿನಿಂದ ತಾಳ ಕುಟ್ಟುತ್ತಾ ನಾನು ನುಡಿಸಿದರೆ ಸ್ವರ ಸರಿಯೇ ಇರುತ್ತಿತ್ತು, ಕೇಳುವವರಿಗೆ ಮಾತ್ರ ಸ್ವಾತಂತ್ರ್ಯ ದಿನದ ಕವಾಯತು ನೆನಪಾಗುತ್ತಿತ್ತು. ನಗು ಬರುತ್ತಿರಲಿಲ್ಲ. ನಗು ಬಾರದ ಪಿಂಕ್ ಪ್ಯಾಂಥರ್ ಎಂದರೆ ಉಪ್ಪಿಲ್ಲದ ಗಂಜಿ.

2022ರ ಚೌತಿಯ ಮರುದಿನ ಜಗಲಿಯಲ್ಲಿ ಹೀಗೆಯೇ ಕವಾಯತು ನಡೆಸುತ್ತಿದ್ದೆ. ಗೇಟಿನ ಹೊರಗೆ ಯಾರೋ ಬೈಕು ನಿಲ್ಲಿಸಿದರು. ಆ ಹುಡುಗ. ಹುಡುಗನೆಂದರೆ ಈಗ ಮೂವತ್ತರ ಹತ್ತಿರ, ಮುಂಭಾಗದ ಕೂದಲು ಸ್ವಲ್ಪ ಕಡಿಮೆ. ಹಬ್ಬಕ್ಕೆ ಊರಿಗೆ ಬಂದವನು ರಸ್ತೆಯಲ್ಲಿ ಹೋಗುವಾಗ ಕೇಳಿಸಿಕೊಂಡಿದ್ದ. ಒಳಗೆ ಬಂದು, ನನ್ನ ಕೈಯಲ್ಲಿದ್ದ ವಾದ್ಯವನ್ನು ನೋಡಿ ಗುರುತು ಹಿಡಿದು, ಏನೂ ಹೇಳದೆ ಮೆಟ್ಟಿಲ ಮೇಲೆ ಕೂತ. “ಇನ್ನೊಂದು ಸಲ ಊದಿ ಸರ್” ಎಂದ. ಊದಿದೆ.

“ಹಾಗಲ್ಲ ಸರ್. ನೀವು ಪರೀಕ್ಷೆ ಹಾಲಿನಲ್ಲಿ ನಡೀತಿದ್ರಲ್ಲ, ಹಾಗೆ.”

ನಾನು ಬೆಪ್ಪಾಗಿ ನೋಡಿದೆ. ಅವನು ಎದ್ದು, ಚಪ್ಪಲಿ ಕಳಚಿ, ನಮ್ಮ ಜಗಲಿಯಲ್ಲಿ ನನ್ನ ನಡಿಗೆಯನ್ನು ನಡೆದು ತೋರಿಸಿದ. ಹದಿನಾಲ್ಕು ವರ್ಷವಾದರೂ ಒಂದಿಷ್ಟೂ ಮರೆತಿರಲಿಲ್ಲ! ಮೊದಲ ಗಿಡ್ಡ ಸ್ವರ ಕಾಲು ಎತ್ತುವುದು, ಎರಡನೆಯದು ಕಾಲು ಇಡುವುದು. ಎತ್ತುವುದು ಚುರುಕು, ಇಡುವುದು ನಿಧಾನ. ಒಂದು ಎಣಿಕೆಯನ್ನು ‘ತಕಿಟ’ ಎಂದು ಮೂರು ಮಾಡಿದರೆ, ಎತ್ತುವುದು ಕೊನೆಯ ‘ಟ’ದಲ್ಲಿ, ನಾನು ಎರಡೆರಡು ಸಮಪಾಲು ಮಾಡುತ್ತಿದ್ದೆ. “ಮಧ್ಯೆ ನಿಲ್ತೀರಲ್ಲ ಸರ್, ಕಿಟಕಿ ನೋಡಿದ ಹಾಗೆ ಮಾಡಿ, ಅಲ್ಲಿ ಸುಮ್ಮನೆ ಇರಬೇಕು. ನೀವು ಓಡ್ತಾ ಇದ್ದೀರಿ.” ಮನೆಯಾಕೆ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡಿದ್ದಳು. ನಾನು ಎದ್ದು ನಿಂತು, ಆ ನಡಿಗೆಯನ್ನೇ ನಡೆಯುತ್ತಾ ಊದಿದೆ. ಎರಡು ಸಾಲು ಹೋಗುವಷ್ಟರಲ್ಲಿ ನನಗೇ ನಗು ಬಂದು ತುಟಿ ಸಡಿಲವಾಯಿತು, ಉದ್ದ ಸ್ವರ ತನ್ನಷ್ಟಕ್ಕೆ ಜಾರಿತು.

ಚಹಾ ಬಂತು. ಕುಡಿಯುವಾಗ ನಾನು ಮಾತು ತೆಗೆದೆ. “ಆಗ ನಿನ್ನ ಅಂಕ ಕಡಿಮೆ ಬಂತೆಂದು ಅಪ್ಪನನ್ನು ಕರೆಸಿದ್ದಲ್ಲ ಮಾರಾಯ...”

“ಗೊತ್ತು ಸರ್” ಎಂದ. ಸ್ವಲ್ಪ ಹೊತ್ತು ಲೋಟ ತಿರುಗಿಸಿದ. “ಅಟ್ಟಕ್ಕೆ ಹಾಕಿದ್ದು ನನಗೆ ಅಷ್ಟು ಬೇಜಾರಿಲ್ಲ. ಪರೀಕ್ಷೆ ಮುಗಿದ ಮೇಲೆ ಇಳಿಸಬಹುದಿತ್ತು. ನಾನು ಸ್ಟಾಫ್ ರೂಮಿನ ಹೊರಗೆ ನಿಂತಿದ್ದೆ ಸರ್. ಅಪ್ಪನ ಎದುರೇ ನೀವು ಪೀಪಿ ಅಂದಿರಿ. ಅಪ್ಪ ಆಯ್ತು ಅಂತ ಕೈಮುಗಿದರು. ಆಮೇಲೆ ನನಗೆ ಅದು ಮುಟ್ಟಲಿಕ್ಕೆ ಮನಸ್ಸಾಗಲಿಲ್ಲ.”

ತಪ್ಪಾಯಿತು ಎಂದೆ. ಮೂವತ್ತು ವರ್ಷ ಮಕ್ಕಳಿಂದ ಹೇಳಿಸಿಕೊಂಡ ಮಾತು ಅದು. ನಾನೇ ಹೇಳುವಾಗ ಎಷ್ಟು ಗಿಡ್ಡ ಮಾತು ಅನ್ನಿಸಿತು. ಅವನು “ಅಪ್ಪನ ಹತ್ತಿರ ಹೇಳಿ ಸರ್” ಎಂದ, ಕೋಪದಿಂದಲ್ಲ. ಮರುದಿನ ಹೋಗಿ ಹೇಳಿದೆ. ಗುರುಗಳು ಅದಕ್ಕೆ ಏನೂ ಉತ್ತರ ಕೊಡಲಿಲ್ಲ. ಸೀಯಾಳ ಕೆತ್ತಿ ಕೊಟ್ಟರು, ಕುಡಿದು ಬಂದೆ.

ಅವತ್ತು ಹೊರಡುವಾಗ ವಾದ್ಯವನ್ನು ಅವನ ಮುಂದೆ ಹಿಡಿದು, ಸ್ವಲ್ಪ ಊದು ಎಂದೆ. ಬೇಡ ಸರ್, ಬಾಯಿಗೆ ಮರೆತುಹೋಗಿದೆ ಎಂದು ಕೈ ಹಿಂದೆ ಕಟ್ಟಿಕೊಂಡ. ಆದರೂ ಮೌತ್‌ಪೀಸನ್ನು ಬಾಗಿ ನೋಡಿ, “ಈ ರೀಡ್ ಸತ್ತಿದೆ ಸರ್, ಮುಂದಿನ ಆದಿತ್ಯವಾರ ಎರಡು ನಂಬರಿನದ್ದು ಒಂದು ತರ್ತೇನೆ” ಎಂದ.

ಮುಂದಿನ ಆದಿತ್ಯವಾರ ಬರಲಿಲ್ಲ, ಅದರ ಮುಂದಿನದ್ದಕ್ಕೂ ಬರಲಿಲ್ಲ. ಕಾಯುವುದನ್ನು ಬಿಟ್ಟ ಮೇಲೆ ಒಂದು ಸಂಜೆ ಬಂದ. ಡ್ಯೂಟಿಯ ಕಥೆ, ಮಳೆಗೆ ಕೆಟ್ಟ ಟ್ರಾನ್ಸ್‌ಫಾರ್ಮರಿನ ಕಥೆ ಹೇಳುತ್ತಾ ಜೇಬಿನಿಂದ ಎರಡು ರೀಡ್ ತೆಗೆದು, ಒಂದನ್ನು ನನ್ನ ಕೈಗಿತ್ತ. ಇನ್ನೊಂದನ್ನು ಬೆಳಕಿಗೆ ಹಿಡಿದು ನೋಡಿ, ಅರ್ಧಕ್ಕೆ ಮಾತು ನಿಲ್ಲಿಸಿ, ಬಾಯಲ್ಲಿಟ್ಟುಕೊಂಡು ನೆನೆಸತೊಡಗಿದ.